ಆಗಸ್ಟ್‌ನಲ್ಲಿ ಕೊಡಗಿಗೆ ಹೊರಟವರಿಗೆ: ಸಂಜೆ ಐದಕ್ಕೆ ರೂಮು ಸೇರಿಕೊಳ್ಳಿ

ಪ್ರಶ್ನೆ: ನಾವು ದಾವಣಗೆರೆಯವರು. ಆಗಸ್ಟ್ ಎರಡನೇ ವಾರ ಮೂರು ದಿನ ಕೊಡಗಿಗೆ ಬರುತ್ತಿದ್ದೇವೆ. ನಾನು, ಹೆಂಡತಿ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅಪ್ಪ-ಅಮ್ಮ. ಅಪ್ಪನಿಗೆ ಶುಗರ್ ಇದೆ, ಮಂಡಿ ನೋವಿದೆ. ಸ್ವಂತ ಕಾರು, ನಾನೇ ಓಡಿಸುತ್ತೇನೆ, ಘಾಟಿ ಅಷ್ಟು ಅಭ್ಯಾಸವಿಲ್ಲ. ರಾಜಾಸೀಟ್, ಅಬ್ಬಿ ಜಲಪಾತ, ಮಾಂದಲಪಟ್ಟಿ, ತಲಕಾವೇರಿ, ದುಬಾರೆ, ಇರ್ಪು, ನಾಗರಹೊಳೆ, ಗೋಲ್ಡನ್ ಟೆಂಪಲ್ ಎಲ್ಲ ನೋಡಿ, ಆಮೇಲೆ ಮಂಗಳೂರಿಗೆ ಇಳಿದು ಮಕ್ಕಳಿಗೆ ಸಮುದ್ರ ತೋರಿಸಬೇಕು ಅಂತ ಆಸೆ. ಗುಡ್ಡ ಕುಸಿತ, ಆನೆ, ಜಿಗಣೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ನಿಜಕ್ಕೂ ಏನೇನು ತೊಂದರೆ ಆಗುತ್ತದೆ? ಮೋಸ ಹೋಗದಂತೆ ಏನು ನೋಡಿಕೊಳ್ಳಬೇಕು?

ಉತ್ತರ: ಮಡಿಕೇರಿಯಲ್ಲಿ ಇಪ್ಪತ್ತು ವರ್ಷದ ಮೇಲೆ ಪ್ರವಾಸಿಗರ ಕಾರು ಓಡಿಸಿದ್ದೇನೆ. ಈಗ ಹೊಸ ಡ್ರೈವರ್‌ಗಳಿಗೆ ಘಾಟಿ ಹೇಳಿಕೊಡುತ್ತೇನೆ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಭಯ ಆಗಿದ್ದು ಆನೆಯಿಂದಲ್ಲ, ಜಿಗಣೆಯಿಂದಲ್ಲ. ನೀವು ಬರೆದ ಆ ಎಂಟು ಜಾಗದ ಪಟ್ಟಿಯಿಂದ.

ಮ್ಯಾಪ್ ತೆಗೆದು ನೋಡಿ. ತಲಕಾವೇರಿ ಮಡಿಕೇರಿಯಿಂದ ಪಶ್ಚಿಮಕ್ಕೆ. ಇರ್ಪು, ನಾಗರಹೊಳೆ ದಕ್ಷಿಣದ ತುದಿಗೆ. ದುಬಾರೆ, ಗೋಲ್ಡನ್ ಟೆಂಪಲ್ ಪೂರ್ವಕ್ಕೆ. ಮಡಿಕೇರಿಯಿಂದ ಇರ್ಪುವಿಗೆ ಸುಮಾರು 80 ಕಿಲೋಮೀಟರ್. ನಿಮ್ಮ ಬಯಲುಸೀಮೆಯ ರಸ್ತೆಯಲ್ಲಿ ಅದು ಒಂದೂವರೆ ಗಂಟೆಯ ದಾರಿ. ಇಲ್ಲಿ ಜಡಿಮಳೆಯಲ್ಲಿ, ತಿರುವಿನ ಮೇಲೆ ತಿರುವು, ಮಧ್ಯೆ ಮಗುವಿಗೆ ವಾಂತಿ, ಅಜ್ಜನಿಗೆ ಬಾತ್‌ರೂಮು ಅಂತ ನಿಂತರೆ ಮೂರು ಗಂಟೆ. ಹೋಗಲು ಮೂರು, ಬರಲು ಮೂರು. ಆಗಸ್ಟ್‌ನಲ್ಲಿ ಮೋಡ ಕವಿದರೆ ಐದೂವರೆಗೇ ಕತ್ತಲಾದಂತೆ ಇರುತ್ತದೆ. ಕೊನೆಯ ಜಾಗ ನೋಡಿ ಹೊರಡುವಾಗ ನೀವು ಗೊತ್ತಿಲ್ಲದ ರಸ್ತೆಯಲ್ಲಿ, ಮಂಜಿನಲ್ಲಿ, ನೆಟ್‌ವರ್ಕ್ ಇಲ್ಲದೆ ಇರುತ್ತೀರಿ.

ಇಷ್ಟು ವರ್ಷದಲ್ಲಿ ನಾನು ಕಂಡ ಕೆಟ್ಟ ಘಟನೆಗಳಲ್ಲಿ ಹೆಚ್ಚಿನವು ಸಂಜೆ ಆರರ ನಂತರ ಆಗಿದ್ದು. ಚರಂಡಿಗೆ ಇಳಿದ ಕಾರು, ಆನೆಯ ಎದುರು ನಿಂತುಬಿಟ್ಟ ಬೈಕು, ತೋಟದೊಳಗೆ ದಾರಿ ತಪ್ಪಿದ ಕುಟುಂಬ, ಎಲ್ಲವೂ. ಅದಕ್ಕೇ ನನ್ನ ಕಾರಿನಲ್ಲಿ ಕೂತವರಿಗೆ ಮೊದಲು ಒಂದೇ ಮಾತು ಹೇಳುತ್ತಿದ್ದೆ: ಬೆಳಿಗ್ಗೆ ಎಷ್ಟು ಬೇಗ ಬೇಕಾದರೂ ಹೊರಡೋಣ, ಸಂಜೆ ಐದಕ್ಕೆ ರೂಮಿನಲ್ಲಿರಬೇಕು.

ಹಾಗಾಗಿ ಪಟ್ಟಿಯನ್ನು ಕತ್ತರಿಸೋಣ. ಮಾಂದಲಪಟ್ಟಿ ಬಿಡಿ. ಕೊನೆಯ ದಾರಿ ಜೀಪಿನಲ್ಲೇ ಹೋಗಬೇಕು, ಕಲ್ಲು-ಗುಂಡಿಯ ರಸ್ತೆ, ಮೈಯೆಲ್ಲ ಕುಲುಕುತ್ತದೆ. ಸೊಂಟ, ಮಂಡಿ ನೋವಿರುವ ಹಿರಿಯರಿಗೆ, ಗರ್ಭಿಣಿಯರಿಗೆ ಅದು ಬೇಡವೇ ಬೇಡ. ಅಷ್ಟೆಲ್ಲ ಕಷ್ಟಪಟ್ಟು ಹತ್ತಿದರೂ ಆಗಸ್ಟ್‌ನಲ್ಲಿ ಬಹಳ ದಿನ ಬಿಳಿ ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ದುಬಾರೆ ಆನೆ ಶಿಬಿರಕ್ಕೆ ಕಾವೇರಿ ದಾಟಬೇಕು. ಹೊಳೆ ತುಂಬಿದರೆ ದೋಣಿ ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ಹೋಗಿ ದಡದಲ್ಲಿ ನಿಂತು ವಾಪಸ್ ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹೊರಡುವ ದಿನ ಬೆಳಿಗ್ಗೆ ಕೇಳಿ, ದೋಣಿ ಇದೆ ಅಂದರೆ ಮಾತ್ರ ಹೋಗಿ. ಕುಶಾಲನಗರದ ಕಾವೇರಿ ನಿಸರ್ಗಧಾಮದ ಕಥೆಯೂ ಅದೇ. ಇರ್ಪು, ನಾಗರಹೊಳೆ ಈ ಸಲಕ್ಕೆ ಬೇಡ. ನಾಗರಹೊಳೆ ಕಾಡಿನ ರಸ್ತೆಯ ಗೇಟು ಸಂಜೆ ಆರಕ್ಕೆ ಹಾಕಿದರೆ ತೆಗೆಯುವುದು ಮರುದಿನ ಬೆಳಿಗ್ಗೆ ಆರಕ್ಕೇ. ಆರು ದಾಟಿ ಹೋದರೆ ದೊಡ್ಡ ಸುತ್ತು ಹಾಕಬೇಕು.

ಉಳಿಯಿತಲ್ಲ, ಅದನ್ನೇ ನೆಮ್ಮದಿಯಾಗಿ ನೋಡಿ. ಬರುವ ದಿನ ಹಾಸನ, ಅರಕಲಗೂಡು, ಕೊಣನೂರು ಮೇಲೆ ಕುಶಾಲನಗರಕ್ಕೆ ಬಂದರೆ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ಹತ್ತಿರವೇ ಇದೆ. ಅಲ್ಲಿ ಒಳಗೆ ಹೆಚ್ಚು ಹತ್ತಿ ಇಳಿಯುವುದಿಲ್ಲ, ಅಪ್ಪನಿಗೆ ಸುಲಭ. ಕುಶಾಲನಗರದಿಂದ ಮಡಿಕೇರಿಗೆ 30 ಕಿಲೋಮೀಟರ್, ಏರು ದಾರಿ. ಎರಡನೇ ದಿನ ಓಂಕಾರೇಶ್ವರ ದೇವಸ್ಥಾನ, ಕೋಟೆ, ರಾಜಾಸೀಟ್, ಅಬ್ಬಿ ಜಲಪಾತ. ಮೂರನೇ ದಿನ ಮಳೆ ಕಡಿಮೆ ಇದ್ದರೆ ಭಾಗಮಂಡಲ, ತಲಕಾವೇರಿ. ಕಾವೇರಿ, ಕನ್ನಿಕೆ ಉಕ್ಕಿದರೆ ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗುತ್ತದೆ, ನಾಪೋಕ್ಲು ಕಡೆಯ ತಗ್ಗಿನ ರಸ್ತೆಗಳ ಮೇಲೂ ನೀರು ಬರುತ್ತದೆ. ಅಂಥ ದಿನ ಹಟ ಮಾಡಬೇಡಿ. ಅಬ್ಬಿಯಲ್ಲಿ ಮೆಟ್ಟಿಲು ಜಾಸ್ತಿ. ಇಳಿಯುವಾಗ ಗೊತ್ತಾಗುವುದಿಲ್ಲ, ವಾಪಸ್ ಹತ್ತುವಾಗ ಮಂಡಿ ಹಿಡಿಯುತ್ತದೆ. ಅಪ್ಪನನ್ನು ಮೇಲೆಯೇ ಕೂರಿಸಿ ಕಾಫಿ ಕೊಡಿಸಿ, ಜೊತೆಗೆ ಯಾರಾದರೂ ಇರಲಿ.

ಈಗ ಕಾರಿನ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಸ್ಟೇರಿಂಗ್ ಹಿಡಿಯುವವರು ನೀವು.

ಕೆಲವು ವರ್ಷದ ಹಿಂದೆ ಮಡಿಕೇರಿಯಿಂದ ಮಂಗಳೂರು ರಸ್ತೆಯಲ್ಲಿ ಸಂಪಾಜೆ ಕಡೆ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಒಬ್ಬರು ಕಾರು ನಿಲ್ಲಿಸಿಕೊಂಡು ಕೈ ಬೀಸುತ್ತಿದ್ದರು. ಹತ್ತಿರ ಹೋದರೆ ರಬ್ಬರ್ ಸುಟ್ಟ ಹಾಗೆ ವಾಸನೆ. ಮುಂದಿನ ಎರಡೂ ಚಕ್ರದಿಂದ ಹೊಗೆ. ಮಳೆಹನಿ ಚಕ್ರದ ಡಿಸ್ಕಿನ ಮೇಲೆ ಬಿದ್ದಾಗಲೆಲ್ಲ ದೋಸೆ ಕಲ್ಲಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಅನ್ನುತ್ತಿತ್ತು. ಹಿಂದೆ ಇಬ್ಬರು ಮಕ್ಕಳು ಬಾಯಿ ಮುಚ್ಚಿಕೊಂಡು ಕೂತಿದ್ದರು. "ಬ್ರೇಕ್ ಒತ್ತಿದರೆ ಕೆಳಗೇ ಹೋಗ್ತಾ ಇದೆ ಸರ್" ಅಂದರು ಅವರು. ಹತ್ತು ಕಿಲೋಮೀಟರ್ ನಾಲ್ಕನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದಿದ್ದರು. ಒಬ್ಬರು ಬಾಟಲಿ ನೀರು ತಂದು ಚಕ್ರಕ್ಕೆ ಹೊಯ್ಯಲು ಬಂದಾಗ ನಾನು ತಡೆದೆ. ಕೆಂಡದಂತೆ ಕಾದ ಡಿಸ್ಕಿಗೆ ನೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಒಂದು ಗಂಟೆ ಸುಮ್ನೆ ನಿಲ್ಲಿಸಿದೆವು. ಆಮೇಲೆ ಎರಡನೇ ಗೇರಿನಲ್ಲಿ ಮೆಲ್ಲಗೆ ನನ್ನ ಹಿಂದೆಯೇ ಇಳಿಸಿದರು.

ಇಳಿಜಾರಿನಲ್ಲಿ ಕಾರನ್ನು ಹಿಡಿದಿಡಬೇಕಾದ್ದು ಇಂಜಿನ್, ಬ್ರೇಕ್ ಅಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎರಡು, ಬೇಕಾದರೆ ಒಂದು. ಆಟೋಮ್ಯಾಟಿಕ್ ಕಾರಾದರೆ ಎಲ್ ಅಥವಾ ಮ್ಯಾನ್ಯುವಲ್ ಮೋಡ್‌ಗೆ ಹಾಕಿ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಕೆಲಸ ಯಾವತ್ತೂ ಬೇಡ. ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಗಾಡಿ ಬಂದರೆ ಹತ್ತುವವರಿಗೆ ಮೊದಲು ದಾರಿ, ಇಳಿಯುವವರು ನಿಲ್ಲಬೇಕು. ಹೊರಡುವ ಮುಂಚೆ ಊರಿನಲ್ಲೇ ಬ್ರೇಕ್ ಪ್ಯಾಡ್, ವೈಪರ್ ರಬ್ಬರ್, ಟೈರಿನ ಗ್ರಿಪ್ ತೋರಿಸಿಕೊಳ್ಳಿ. ಸವೆದ ವೈಪರ್ ದಾವಣಗೆರೆಯಲ್ಲಿ ವರ್ಷಕ್ಕೆ ಹತ್ತು ದಿನ ತೊಂದರೆ ಕೊಡಬಹುದು. ಇಲ್ಲಿ ಮೊದಲ ಗಂಟೆಯಲ್ಲೇ ಕೈ ಕೊಡುತ್ತದೆ.

ಮಂಜು ಬಂದಾಗ ಹೈಬೀಮ್ ಹಾಕಬೇಡಿ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಬಿಳಿ ಗೋಡೆಯ ಮುಂದೆ ಕೂತ ಹಾಗೆ ಆಗುತ್ತದೆ. ಲೋಬೀಮ್, ಇದ್ದರೆ ಫಾಗ್ ಲ್ಯಾಂಪ್, ಎಡಗಡೆಯ ಬಿಳಿ ಗೆರೆ ನೋಡಿಕೊಂಡು ನಿಧಾನಕ್ಕೆ. ತಿರುವಿನಲ್ಲಿ ಹಾರ್ನ್ ಮಾಡಿ. ನಾಲ್ಕೂ ಇಂಡಿಕೇಟರ್ ಮಿಣುಕಿಸಿಕೊಂಡು ಓಡಿಸುವ ಅಭ್ಯಾಸ ಬಹಳ ಜನಕ್ಕಿದೆ. ಅದು ತಪ್ಪು. ನೀವು ಎಡಕ್ಕೋ ಬಲಕ್ಕೋ ಅಂತ ಹಿಂದಿನವರಿಗೆ ಗೊತ್ತೇ ಆಗುವುದಿಲ್ಲ. ನಿಂತಾಗ ಮಾತ್ರ ಹಾಕಿ. ಒಳಗಿನಿಂದ ಗಾಜು ಮಸುಕಾದರೆ ಬಟ್ಟೆಯಿಂದ ಒರೆಸುತ್ತಾ ಕೂರಬೇಡಿ, ಎ.ಸಿ. ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ಕ್ಷಣದಲ್ಲಿ ತಿಳಿಯಾಗುತ್ತದೆ.

ಮಡಿಕೇರಿ ಪೇಟೆಯಲ್ಲಿ ಸಮತಟ್ಟಾದ ಜಾಗ ಕಡಿಮೆ, ಎಲ್ಲೆಲ್ಲೂ ಏರು, ಇಳಿಜಾರು. ಶನಿವಾರ, ಭಾನುವಾರ ರಾಜಾಸೀಟ್ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಆದಷ್ಟು ಸೋಮವಾರದಿಂದ ಗುರುವಾರದ ಒಳಗೆ ಬನ್ನಿ. ಇಳಿಜಾರಿನಲ್ಲಿ ನಿಲ್ಲಿಸಿದರೆ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ. ಗೇರಿನಲ್ಲಿ ಹಾಕಿ, ಚಕ್ರವನ್ನು ಗುಡ್ಡದ ಕಡೆ ತಿರುಗಿಸಿ, ಒಂದು ಕಲ್ಲು ಕೊಡಿ. ಮರದ ಕೆಳಗೆ, ಬರೆಯ ಕೆಳಗೆ ಮಾತ್ರ ಬೇಡ.

ಬರೆ ಅಂದರೆ ರಸ್ತೆಗೋ ಮನೆಗೋ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ. ನಮ್ಮ ಊರಿನ ಮಳೆಗಾಲದ ಭಯವೆಲ್ಲ ಆ ಒಂದು ಪದದಲ್ಲಿದೆ. ಗುಡ್ಡ ಕುಸಿತದ ಮಾತು ಬರೀ ಹೆದರಿಕೆಯಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. ಮನೆ, ತೋಟ, ಜೀವ ಎಲ್ಲ ಹೋಯಿತು, ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. 2019ರಲ್ಲಿ ವಿರಾಜಪೇಟೆ ಕಡೆಯ ತೋರ ಅನ್ನುವ ಊರಿನಲ್ಲಿ ಗುಡ್ಡ ಜಾರಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜಾರಿ ಅರ್ಚಕರ ಮನೆಯೇ ಮಣ್ಣಾಯಿತು. ಮೂರೂ ವರ್ಷ ಆಗಸ್ಟ್‌ನಲ್ಲೇ. ಅದಕ್ಕೇ ನಿಮ್ಮ ತಾರೀಖಿನ ಬಗ್ಗೆ ಇಷ್ಟು ಹೇಳುತ್ತಿದ್ದೇನೆ. ಜೂನ್, ಜುಲೈ ಮಳೆಯನ್ನು ಮಣ್ಣು ಕುಡಿದು ತುಂಬಿರುತ್ತದೆ. ಆಮೇಲೆ ನಾಲ್ಕು ದಿನ ಬಿಡದೆ ಹೊಡೆದರೆ ಕಡಿದ ಬರೆ ನಿಲ್ಲುವುದಿಲ್ಲ.

ಹವಾಮಾನ ಇಲಾಖೆಯ ಬಣ್ಣಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. 24 ಗಂಟೆಯಲ್ಲಿ 115.6 ಮಿಲಿಮೀಟರ್ ದಾಟಿದರೆ ಅದು ಅತಿ ಭಾರಿ ಮಳೆ, ಆರೆಂಜ್ ಅಲರ್ಟ್ ಸಾಮಾನ್ಯವಾಗಿ ಅದಕ್ಕೆ. 204.4 ದಾಟುವ ಸೂಚನೆ ಇದ್ದರೆ ರೆಡ್. ಹಳದಿ ಇದ್ದರೆ ಬನ್ನಿ, ಕೊಡೆ ಹಿಡಿದು ಓಡಾಡಿ. ಆರೆಂಜ್ ಇದ್ದ ದಿನ ಮಡಿಕೇರಿ ಪೇಟೆ ಬಿಟ್ಟು ಹೋಗಬೇಡಿ. ರೆಡ್ ಇದ್ದರೆ ಹೊರಡಲೇಬೇಡಿ, ಬಂದಾಗಿದ್ದರೆ ಇದ್ದಲ್ಲೇ ಇರಿ. ಶಾಲೆಗಳಿಗೆ ಜಿಲ್ಲಾಧಿಕಾರಿ ರಜೆ ಕೊಟ್ಟರು ಅಂದರೆ ಅದೂ ಒಂದು ಸೂಚನೆಯೇ. ರಸ್ತೆಯಲ್ಲಿ ಹೋಗುವಾಗ ಬರೆಯಿಂದ ಇದ್ದಕ್ಕಿದ್ದಂತೆ ಕೆಂಪು ನೀರು ಚಿಮ್ಮುತ್ತಿದ್ದರೆ, ಮರ ವಾಲಿದ್ದರೆ, ಟಾರಿನಲ್ಲಿ ಹೊಸ ಬಿರುಕು ಕಂಡರೆ, ಸಣ್ಣ ಕಲ್ಲು ಒಂದೊಂದಾಗಿ ಉರುಳುತ್ತಿದ್ದರೆ ನಿಲ್ಲಿಸಿ ಫೋಟೋ ತೆಗೆಯಬೇಡಿ. ಹಿಂದೆ ತಿರುಗಿ. ಮುಂದೆ ಮಣ್ಣು ಬಿದ್ದು ಗಾಡಿಗಳು ಸಾಲಾಗಿ ನಿಂತಿದ್ದರೆ ಬರೆಯ ಬುಡದಲ್ಲಿ ಕಾಯಬೇಡಿ, ಒಂದಷ್ಟು ಹಿಂದೆ ಬಂದು ತೆರೆದ ಜಾಗದಲ್ಲಿ ನಿಲ್ಲಿ. ಎರಡನೇ ಸಲ ಜಾರುವುದು ಬಹಳ ಕಡೆ ಅಲ್ಲೇ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಜಿಲ್ಲೆಯ ವಿಪತ್ತು ಸಹಾಯಕ್ಕೆ 1077. ಸಂಖ್ಯೆಗಳನ್ನು ಎಲ್ಲರ ಫೋನಿನಲ್ಲೂ ಹಾಕಿಡಿ.

ಹೋಮ್‌ಸ್ಟೇ ಆರಿಸುವಾಗಲೂ ಇದೇ ಕಣ್ಣಿಂದ ನೋಡಿ. ಫೋಟೋದಲ್ಲಿ ಕಣಿವೆ ಎಷ್ಟು ಚಂದ ಕಾಣುತ್ತದೆ ಅನ್ನುವುದಕ್ಕಿಂತ ಮನೆಯ ಹಿಂದೆ ಏನಿದೆ ಅಂತ ಕೇಳಿ. ನೇರವಾಗಿ ಕಡಿದ ಬರೆ ಇದ್ದರೆ ಮಳೆಗಾಲಕ್ಕೆ ಅದು ಬೇಡ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಅಂತ ಕೇಳಿ. ಕೊನೆಯ ಎರಡು ಕಿಲೋಮೀಟರ್ ಟಾರೋ ಮಣ್ಣೋ, ನಿಮ್ಮ ಕಾರು ಹೋಗುತ್ತಾ ಅಂತ ಕೇಳಿ. "ಮಡಿಕೇರಿ" ಅಂತ ಬುಕ್ ಮಾಡಿ, ಬಂದು ನೋಡಿದರೆ ಪೇಟೆಯಿಂದ 20 ಕಿಲೋಮೀಟರ್ ತೋಟದೊಳಗೆ ಇರುವ ಮನೆಗಳು ಎಷ್ಟೋ ಇವೆ. ಅಪ್ಪನಿಗೆ ಶುಗರ್ ಇರುವುದರಿಂದ ನೀವು ಪೇಟೆಗೆ ಹತ್ತಿರ ಇರುವುದೇ ಒಳ್ಳೆಯದು. ಮಡಿಕೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಅದಕ್ಕಿಂತ ದೊಡ್ಡ ಚಿಕಿತ್ಸೆ ಬೇಕಾದರೆ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತ ಸ್ವಲ್ಪ ಜಾಸ್ತಿ. ಮಾತ್ರೆಗಳನ್ನು ಮೂರು ದಿನಕ್ಕೆ ಎಣಿಸಿ ತರಬೇಡಿ, ಒಂದು ವಾರಕ್ಕೆ ತನ್ನಿ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಕರೆಂಟ್ ಹೋದಾಗ ಫ್ರಿಜ್ ಏನು ಮಾಡುತ್ತಾರೆ ಅಂತ ಮೊದಲೇ ಕೇಳಿ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ, ನನಗೆ ಅದು ಆನೆಗಿಂತ ಜಾಸ್ತಿ ಚಿಂತೆ. ಬಾತ್‌ರೂಮಿನ ಗ್ಯಾಸ್ ಗೀಸರ್. ಮಳೆ, ಚಳಿ ಅಂತ ಕಿಟಕಿ ಮುಚ್ಚಿ, ಬಿಸಿನೀರು ಬಿಟ್ಟುಕೊಂಡು ಸ್ನಾನಕ್ಕೆ ನಿಂತರೆ ಒಳಗೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ ಅನ್ನಿಸುವಷ್ಟರಲ್ಲಿ ಕಾಲು ಸೋತಿರುತ್ತದೆ. ಹೀಗೆ ಪ್ರವಾಸಕ್ಕೆ ಬಂದವರ ಜೀವ ಹೋಗಿದ್ದು ನಮ್ಮ ಜಿಲ್ಲೆಯಲ್ಲೂ ಆಗಿದೆ. ರೂಮಿಗೆ ಹೋದ ಕೂಡಲೇ ಬಾತ್‌ರೂಮು ನೋಡಿ. ಗೀಸರ್, ಸಿಲಿಂಡರ್ ಎರಡೂ ಹೊರಗೆ ಇರಬೇಕು. ಒಳಗೇ ಇದ್ದರೆ ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆಫ್ ಮಾಡಿ, ಕಿಟಕಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಸ್ನಾನ ಮಾಡಿ. ಇಲ್ಲವೇ ಹಂಡೆಯ ನೀರು ಕೇಳಿ, ಸೌದೆ ಒಲೆ ಇರುವ ಮನೆಗಳಲ್ಲಿ ಸಂತೋಷದಿಂದ ಕೊಡುತ್ತಾರೆ. ಚಳಿಗೆ ಅಂತ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗುವುದೂ ಅಷ್ಟೇ ಅಪಾಯ.

ಆನೆಯ ವಿಷಯಕ್ಕೆ ಬರುತ್ತೇನೆ. ಸಿದ್ದಾಪುರ, ಮಾಲ್ದಾರೆ, ಚೆಟ್ಟಳ್ಳಿ, ಅಮ್ಮತ್ತಿ ಕಡೆ ಆನೆ ಕಾಡಿನಲ್ಲಿ ಮಾತ್ರ ಇಲ್ಲ, ಕಾಫಿ ತೋಟದಲ್ಲೇ ಇದೆ. ಹಲಸು, ಬಾಳೆ, ತೋಟದ ಕೆರೆ ನೀರು, ಎಲ್ಲವೂ ಅಲ್ಲೇ ಸಿಗುತ್ತದೆ. ತೋಟದ ಕೆಲಸಕ್ಕೆ ಬೆಳಿಗ್ಗೆ ಹೋದ ಕಾರ್ಮಿಕರು ಆನೆ ತುಳಿತಕ್ಕೆ ಸಿಕ್ಕ ಸುದ್ದಿ ನಮಗೆ ಪ್ರತಿ ವರ್ಷ ಬರುತ್ತದೆ. ಅವರಿಗೆ ಹೋಗದೆ ವಿಧಿಯಿಲ್ಲ, ನಿಮಗಿದೆ. ಹೋಮ್‌ಸ್ಟೇಯ ತೋಟದಲ್ಲಿ ಬೆಳಿಗ್ಗೆ ಎಂಟರ ಮೊದಲು, ಸಂಜೆ ಐದರ ನಂತರ ವಾಕಿಂಗ್ ಬೇಡ. ಹೋದರೂ ಮನೆಯವರ ಜೊತೆ ಹೋಗಿ. ಹಸಿ ಲದ್ದಿ ಕಂಡರೆ, ಮುರಿದ ಬಾಳೆ ಕಂಡರೆ ಅಲ್ಲಿಂದಲೇ ವಾಪಸ್. ರಸ್ತೆಯಲ್ಲಿ ಎದುರಾದರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಲೈಟು ಮಿಣುಕಿಸುವುದು ಬೇಡ, ಕಾರಿನಿಂದ ಇಳಿಯುವುದಂತೂ ಬೇಡವೇ ಬೇಡ. ಇಂಜಿನ್ ಆಫ್ ಮಾಡದೆ ಮೆಲ್ಲಗೆ ರಿವರ್ಸ್ ತೆಗೆಯಿರಿ. ಒಂದು ಆನೆ ದಾಟಿತು ಅಂತ ತಕ್ಷಣ ಹೊರಡಬೇಡಿ. ಹಿಂದೆ ಮರಿ ಇರಬಹುದು, ಮರಿಯ ಹಿಂದೆ ತಾಯಿ. ರಾತ್ರಿ ಪಟಾಕಿಯೋ ಕೋವಿಯೋ ಹೊಡೆದ ಶಬ್ದ ಕೇಳಿದರೆ ಗಾಬರಿ ಆಗಬೇಡಿ, ಯಾರದೋ ತೋಟದಿಂದ ಆನೆ ಓಡಿಸುತ್ತಿರುತ್ತಾರೆ. ಬಾಗಿಲು ಹಾಕಿಕೊಂಡು ಒಳಗಿರಿ ಅಷ್ಟೇ.

ಜಿಗಣೆ ಮಾತ್ರ ಅಪಾಯವಲ್ಲ, ಕಿರಿಕಿರಿ. ನಿಮ್ಮ ಪಕ್ಕದ ಮಲೆನಾಡಿನವರು ಉಂಬಳ ಅನ್ನುವುದು ಇದಕ್ಕೇ. ಒಮ್ಮೆ ಐದಾರು ವರ್ಷದ ಹುಡುಗಿಯೊಬ್ಬಳು ಕಾರು ಹತ್ತಿ ಶೂ ಬಿಚ್ಚಿದಳು. ಬಿಳಿ ಸಾಕ್ಸ್ ಪಾದದ ಮೇಲೆ ಪೂರ್ತಿ ಕೆಂಪು. ತಾಯಿ ಚೀರಿದರು. ಮಗು ಮಾತ್ರ ಬಗ್ಗಿ ನೋಡುತ್ತಿತ್ತು, ಅದಕ್ಕೆ ನೋವೇ ಇರಲಿಲ್ಲ. ಬೆರಳ ಸಂದಿಯಲ್ಲಿ ನೇರಳೆ ಹಣ್ಣಿನಷ್ಟು ಉಬ್ಬಿದ ಜಿಗಣೆ. ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಸಣ್ಣ ತುದಿಯ ಕೆಳಗೆ ಮೆಲ್ಲಗೆ ಜಾರಿಸಿದೆ, ಬಿಟ್ಟಿತು. ಸೋಪು ನೀರಿನಲ್ಲಿ ತೊಳೆದು, ಹತ್ತಿ ಒತ್ತಿ ಹಿಡಿದೆವು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಅದಕ್ಕೇ ಬಿಟ್ಟ ಮೇಲೂ ಬಹಳ ಹೊತ್ತು ರಕ್ತ ಜಿನುಗುತ್ತದೆ. ಹೋದ ರಕ್ತ ಸ್ವಲ್ಪವೇ. ಎಳೆದು ಕಿತ್ತರೆ ಗಾಯ ದೊಡ್ಡದಾಗಿ ಕೀವಾಗಬಹುದು, ಬೆಂಕಿಕಡ್ಡಿ ತಾಗಿಸುವುದೂ ಬೇಡ. ಹೊರಗೆ ಹೋಗುವಾಗ ಉದ್ದ ಸಾಕ್ಸ್ ಹಾಕಿ ಪ್ಯಾಂಟನ್ನು ಅದರೊಳಗೆ ಸೇರಿಸಿ, ಮೇಲಿಂದ ಬೇವಿನೆಣ್ಣೆಯೋ ಉಪ್ಪುನೀರೋ ಸವರಿ. ಅಪ್ಪ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಹುಲ್ಲಿಗೆ ಇಳಿಸಬೇಡಿ. ಶುಗರ್ ಇರುವುದರಿಂದ ರಾತ್ರಿ ಮಲಗುವ ಮುಂಚೆ ಅವರ ಪಾದ, ಬೆರಳ ಸಂದಿ ಬೆಳಕಿನಲ್ಲಿ ಒಮ್ಮೆ ನೋಡಿಬಿಡಿ.

ನೀರಿನ ಬಗ್ಗೆ ಕಡಿಮೆ ಮಾತು ಸಾಕು. ಯಾವ ಜಲಪಾತಕ್ಕೂ, ಯಾವ ಹೊಳೆಗೂ ಇಳಿಯಬೇಡಿ. ಅಬ್ಬಿಯಲ್ಲಿ ಇಳಿಯಲು ಬಿಡುವುದೇ ಇಲ್ಲ. ಚೇಲಾವರದಂಥ ಕಡೆ ಇಳಿದು ವಾಪಸ್ ಬರದವರಿದ್ದಾರೆ. ಬಂಡೆಯ ಮೇಲಿನ ಪಾಚಿ ಸೋಪಿನಂತೆ, ಮೇಲೆ ಎಲ್ಲೋ ಮಳೆ ಬಿದ್ದರೆ ಇಲ್ಲಿ ನಿಮಿಷದಲ್ಲಿ ನೀರು ಏರುತ್ತದೆ. ಮಕ್ಕಳ ಕೈ ಬಿಡಬೇಡಿ.

ಸಣ್ಣ ಕಿರಿಕಿರಿಗಳು ಬಹಳ ಇವೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಒಳಗಿನ ಊರುಗಳಲ್ಲಿ ಎರಡು ಮೂರು ದಿನ ಬರದಿರುವುದೂ ಉಂಟು. ಕರೆಂಟ್ ಹೋದರೆ ಟವರ್ ಹೋಗುತ್ತದೆ, ಟವರ್ ಹೋದರೆ ಫೋನ್‌ಪೇ, ಗೂಗಲ್‌ಪೇ ಹೋಗುತ್ತದೆ. ಕೈಯಲ್ಲಿ ಐದಾರು ಸಾವಿರ ನಗದು ಇರಲಿ. ಮ್ಯಾಪನ್ನು ಫೋನಿಗೆ ಇಳಿಸಿಕೊಂಡು ಬನ್ನಿ. ಅದು ತೋರಿಸುವ ಹತ್ತಿರದ ದಾರಿಯನ್ನು ಮಾತ್ರ ನಂಬಬೇಡಿ, ಯಾರದೋ ತೋಟದ ಗೇಟಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ಬಸ್ಸು ಓಡುವ ರಸ್ತೆಯಲ್ಲೇ ಹೋಗಿ. ಒದ್ದೆ ಬಟ್ಟೆ ಒಣಗುವುದಿಲ್ಲ, ಜೀನ್ಸ್ ಅಂತೂ ಮೂರು ದಿನವಾದರೂ ಒಣಗುವುದಿಲ್ಲ. ತೆಳು ಬಟ್ಟೆ ಜಾಸ್ತಿ ತನ್ನಿ, ಸಾಕ್ಸ್ ಎಣಿಸದೆ ತನ್ನಿ. ಕೊಡೆ ಗಾಳಿಗೆ ಮಗುಚಿಕೊಳ್ಳುತ್ತದೆ, ಮಕ್ಕಳಿಗೆ ರೇನ್‌ಕೋಟ್ ಒಳ್ಳೆಯದು. ಘಾಟಿಗೆ ಹೊರಡುವ ಮುಂಚೆ ಅವರಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಕೂರಿಸಬೇಡಿ. ಎರಡು ಇಡ್ಲಿ ಸಾಕು. ಮೊಬೈಲ್ ಕೊಡದೆ ದೂರ ನೋಡುವಂತೆ ಮಾಡಿ, ಕಿಟಕಿ ಒಂದಿಷ್ಟು ತೆರೆದಿರಲಿ.

ಮುಂಗಡ ಹಣದ ಬಗ್ಗೆ ಒಂದು ಮಾತು. ನನ್ನ ಕಾರಿನಲ್ಲಿ ಬಂದಿದ್ದ ಒಂದು ಕುಟುಂಬ ರಸ್ತೆ ಮುಚ್ಚಿದ್ದರಿಂದ ರೂಮಿಗೆ ತಲುಪಲೇ ಇಲ್ಲ. ಹಣ ಕೇಳಿದರೆ "ರೂಮು ನಾವು ಇಟ್ಟಿದ್ದೆವಲ್ಲ" ಅಂದರು. ಅವರ ಪರವಾಗಿ ಮಾತಾಡಿ ನಾನೂ ಸೋತೆ. ರೆಡ್ ಅಲರ್ಟ್ ಬಂದರೆ, ರಸ್ತೆ ಮುಚ್ಚಿದರೆ ಹಣ ವಾಪಸ್ಸೋ ಅಥವಾ ಬೇರೆ ತಾರೀಖೋ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಂಡು ಆಮೇಲೆ ಹಣ ಹಾಕಿ. ಇಲ್ಲಿನ ಬಹಳಷ್ಟು ಮನೆಯವರು ಧಾರಾಳವಾಗಿ ತಾರೀಖು ಬದಲಿಸಿ ಕೊಡುತ್ತಾರೆ.

ಊಟಕ್ಕೆ ನೀವು ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಹೇಳಿ, ಪ್ರತ್ಯೇಕ ಪಾತ್ರೆ ಬೇಕಾದರೆ ಅದನ್ನೂ ಹೇಳಿ. ಅಕ್ಕಿ ರೊಟ್ಟಿ, ಕಡಂಬುಟ್ಟು ಅನ್ನುವ ಅಕ್ಕಿ ಕಡುಬು, ನೂಲ್‌ಪುಟ್ಟು ಅನ್ನುವ ಅಕ್ಕಿ ಶಾವಿಗೆ, ಎಳೆ ಬಿದಿರಿನ ಕಣಿಲೆ ಸಾರು, ಈ ಮಳೆಗಾಲದ ಊಟವನ್ನು ತಿನ್ನದೆ ಹೋಗಬೇಡಿ. ನೀವು ಬರುವಾಗ ನಮ್ಮಲ್ಲಿ ಕಕ್ಕಡ ತಿಂಗಳು. ಆಗಸ್ಟ್ 3ಕ್ಕೆ ಬರುವ ಕಕ್ಕಡದ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ, ಆಮೇಲೂ ಕೆಲವು ಮನೆಗಳಲ್ಲಿ ಸಿಗುತ್ತದೆ. ಕಡು ನೇರಳೆ ಬಣ್ಣ, ಒಂಥರಾ ಕಾಡಿನ ಪರಿಮಳ. ಅದನ್ನು ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಗೊತ್ತಿಲ್ಲದೆ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಫೋನ್ ಮಾಡಿದವರಿದ್ದಾರೆ. ಅದು ಸೊಪ್ಪಿನ ಬಣ್ಣ ಅಷ್ಟೇ. ಆದರೆ ಪಾಯಸದಲ್ಲಿ ಬೆಲ್ಲ ಇರುತ್ತದೆ, ಅಪ್ಪನಿಗೆ ಒಂದು ಚಮಚ ಸಾಕು. ತೋಟದಲ್ಲಿ ಕಂಡ ಅಣಬೆಯನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

ಅಂಗಡಿಯ ವಿಷಯ. ಡ್ರೈವರ್ ಅಥವಾ ಗೈಡ್ ತಾನಾಗಿಯೇ "ಒಳ್ಳೆ ಅಂಗಡಿ" ಅಂತ ಕರೆದುಕೊಂಡು ಹೋದರೆ ಅಲ್ಲಿ ಕಮಿಷನ್ ಇರಬಹುದು. ನನ್ನದೇ ಕಸುಬಿನವರ ಬಗ್ಗೆ ಹೇಳಲು ಬೇಸರ, ಆದರೂ ಹೇಳಬೇಕು. ಕಾಫಿಪುಡಿ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ಚಿಕೋರಿ ಎಷ್ಟು ಅಂತ ಓದಿ. ಮಿಶ್ರಣದಲ್ಲಿ ಕಾಫಿ 51 ಭಾಗಕ್ಕಿಂತ ಕಡಿಮೆ ಇರುವಂತಿಲ್ಲ, ಎಷ್ಟಿದೆ ಅಂತ ಬರೆದಿರಲೇಬೇಕು. ಏನೂ ಬರೆಯದ ಪ್ಯಾಕೆಟ್ ಬೇಡ. ತಣ್ಣೀರಿನ ಲೋಟಕ್ಕೆ ಒಂದು ಚಿಟಿಕೆ ಉದುರಿಸಿದರೆ ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಬೇಗ ಮುಳುಗುತ್ತದೆ. ಜೇನು ಗಟ್ಟಿಯಾದರೆ ಸಕ್ಕರೆ ಬೆರೆಸಿದ್ದಾರೆ ಅಂತ ಬಹಳ ಜನ ತಿಳಿದಿದ್ದಾರೆ. ಶುದ್ಧ ಜೇನೂ ಹರಳುಗಟ್ಟುತ್ತದೆ. ರಸ್ತೆ ಬದಿಯ ಬಾಟಲಿಗಿಂತ ಸಹಕಾರ ಸಂಘದ ಮಳಿಗೆಯಲ್ಲಿ ಕೊಳ್ಳಿ. ಮನೆಯಲ್ಲೇ ಮಾಡಿದ ವೈನ್ ಅಂತ ಮಾರುವುದನ್ನು ಬಿಡಿ, ಒಳಗೆ ಏನಿದೆ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಕೊನೆಗೆ ಮಂಗಳೂರು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಪಾಜೆ, ಸುಳ್ಯ, ಪುತ್ತೂರು ಮೇಲೆ ಮಧ್ಯಾಹ್ನದೊಳಗೆ ತಲುಪುತ್ತೀರಿ. ಮಡಿಕೇರಿಯ ಚಳಿಯಿಂದ ಇಳಿದವರಿಗೆ ಅಲ್ಲಿನ ಸೆಕೆ ಒಮ್ಮೆಲೇ ಬಡಿಯುತ್ತದೆ, ಅಪ್ಪ-ಅಮ್ಮನಿಗೆ ನೀರು ಕುಡಿಸುತ್ತಿರಿ. ಅದೂ ಗುಡ್ಡದ ಊರೇ. ಜೋರು ಮಳೆಯಲ್ಲಿ ಏರಿನ ನೀರೆಲ್ಲ ಪಂಪ್‌ವೆಲ್‌ನಂಥ ತಗ್ಗಿಗೆ ಬಂದು ನಿಲ್ಲುತ್ತದೆ. ಚರಂಡಿ ಯಾವುದು, ರಸ್ತೆ ಯಾವುದು ಅಂತ ಗೊತ್ತಾಗದ ನೀರಿಗೆ ಕಾರು ಇಳಿಸಬೇಡಿ. ಆಗಸ್ಟ್‌ನ ಸಮುದ್ರ ನೋಡಲು ಮಾತ್ರ. ಪಣಂಬೂರು, ತಣ್ಣೀರುಬಾವಿ ಎಲ್ಲೇ ಆಗಲಿ, ಪಾದ ಒದ್ದೆ ಮಾಡಿಕೊಳ್ಳಲೂ ಮಕ್ಕಳನ್ನು ಬಿಡಬೇಡಿ. ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಮಂಗಳೂರಿನಿಂದ ದಾವಣಗೆರೆಗೆ ಮತ್ತೆ ಘಾಟಿ ಹತ್ತಬೇಕು, ಶಿರಾಡಿಯೋ ಚಾರ್ಮಾಡಿಯೋ ಅಂತ ಆ ದಿನದ ಸುದ್ದಿ ನೋಡಿ ತೀರ್ಮಾನ ಮಾಡಿ.

ಸಂಪಾಜೆ ರಸ್ತೆ ತೆರೆದಿದೆಯಾ ಅಂತ ತಿಳಿಯಲು ನಾನು ಇವತ್ತಿಗೂ ಮಾಡುವುದು ಒಂದೇ ಕೆಲಸ. ಬೆಳಿಗ್ಗೆ ಮಡಿಕೇರಿ ಬಸ್ ನಿಲ್ದಾಣಕ್ಕೆ ಹೋಗಿ, ಮಂಗಳೂರಿನಿಂದ ಬರಬೇಕಾದ ಬೆಳಗಿನ ಬಸ್ಸು ಬಂತಾ ಅಂತ ಕೇಳುತ್ತೇನೆ. ಬಂದಿದ್ದರೆ ಅದರ ಡ್ರೈವರ್ ಅಲ್ಲೇ ಚಹಾ ಕುಡಿಯುತ್ತಿರುತ್ತಾರೆ. "ಅಣ್ಣ, ಕೆಳಗೆ ಹೇಗಿದೆ?" ಅಂತ ಕೇಳಿ. ಎಲ್ಲಿ ಬರೆ ಬಿದ್ದಿದೆ, ಎಲ್ಲಿ ಮರ ವಾಲಿದೆ, ಎಲ್ಲಿ ಮಂಜು ಜಾಸ್ತಿ ಅಂತ ಅವರು ತಿರುವು ಸಮೇತ ಹೇಳುತ್ತಾರೆ. ಬಸ್ಸು ಇನ್ನೂ ಬಂದಿಲ್ಲ ಅಂದರೆ ನೀವೂ ಕೂತು ಒಂದು ಚಹಾ ಕುಡಿಯಿರಿ.